ನೀರಿನೊಳಗಣ ಸಿಡಿಲು

 

ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಒಂದು ದಿನವನ್ನು ಭೌತವಿಜ್ಞಾನಕ್ಕೆ ಮೀಸಲಿಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದುದು ನನ್ನಂತಹ ಹಳೆಯ ಉಪಾಧ್ಯಾಯನ ಭಾಗ್ಯವೇ ಸರಿ. ಈ ಸೀಮೆಯ ಪಾಠಶಾಲೆಗಳಲ್ಲಿ ಮೂವತ್ತುಮೂರು ವರ್ಷ ಭೌತಶಾಸ್ತ್ರವನ್ನು ಹೇಳಿಕೊಟ್ಟವನು ನಾನು. ಆದರೆ ಇಂಥ ಮಹಾಸಭೆಯಲ್ಲಿ ನಿಂತು ಮಾತನಾಡಿದ ಅಭ್ಯಾಸ ಕಡಿಮೆ. ಯಾವ ವಿಷಯವನ್ನು ಎತ್ತಿಕೊಳ್ಳಲೆಂದು ಮಠದ ವಿದ್ಯಾರ್ಥಿನಿಲಯದ ಹುಡುಗರನ್ನೇ ಕೇಳಿದೆನು. ಅವರು ಒಕ್ಕೊರಲಿನಿಂದ “ನ್ಯಾನೋ” ಎಂದರು. ನಾನು ಸ್ವಲ್ಪ ಹಿಂದೆಮುಂದೆ ನೋಡಿದೆನು. ಏಕೆಂದರೆ ಆ ಎರಡಕ್ಷರದ ಮಾತು ನಮ್ಮ ಹಳ್ಳಿಗಳಿಗೆ ಪಾಠಶಾಲೆಯ ಬಾಗಿಲಿನಿಂದ ಬಂದದ್ದಲ್ಲ, ಸಂತೆಯ ಬಾಗಿಲಿನಿಂದ ಬಂದದ್ದು. ಆ ಕಥೆಯನ್ನು ಮುಂದೆ ಅರಿಕೆಮಾಡುತ್ತೇನೆ. ಕಡೆಗೆ ಆ ದೊಡ್ಡ ವಿಷಯದಲ್ಲಿ ಒಂದು ಸಣ್ಣ ಭಾಗವನ್ನು ಮಾತ್ರ ಆರಿಸಿಕೊಂಡೆನು. ಚಿನ್ನ, ಬೆಳ್ಳಿ, ಕಬ್ಬಿಣ ಮೊದಲಾದ ಲೋಹಗಳನ್ನು ನೀರಿನೊಳಗೆ ಮುಳುಗಿಸಿಟ್ಟು, ಲೇಸರ್ ಎಂಬ ಕಿರಣದಿಂದ ಹೊಡೆದು, ಕಣ್ಣಿಗೆ ಕಾಣದ ಕಣಗಳನ್ನಾಗಿ ಮಾಡುವುದು ಹೇಗೆ, ಆ ಕಣಗಳು ನೀರಿನೊಳಗೆ ಏನಾಗುವುವು, ಅವುಗಳಿಂದ ನಮಗೇನು ಎಂಬಿಷ್ಟೇ ಈ ಹೊತ್ತಿನ ಮಾತು. ಇಂಥದನ್ನು ಕನ್ನಡದಲ್ಲಿ ಹೇಳಲಾದೀತೇ ಎಂದು ಶಂಕಿಸುವವರು ಇನ್ನೂ ಇದ್ದಾರೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ “ವಿಜ್ಞಾನ”ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಆ ಶಂಕೆಗೆ ಇಷ್ಟು ಉತ್ತರ ಸಾಕು.

ಮೊದಲು ನಿಮಗೆಲ್ಲ ಗೊತ್ತಿರುವ ಒಂದು ಕೆಲಸದಿಂದ ಆರಂಭಿಸುವೆನು. ವಿಭೂತಿಯನ್ನು ಮಾಡುವಾಗ ಸುಟ್ಟ ಬೆರಣಿಯ ಬೂದಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸುವರಷ್ಟೆ. ಕದಡಿದ ಕೊಡವನ್ನು ಹಾಗೆಯೇ ಬಿಟ್ಟರೆ ದಪ್ಪ ಕಣಗಳು ಕ್ಷಣಮಾತ್ರದಲ್ಲಿ ತಳಕ್ಕಿಳಿಯುವುವು. ಸಣ್ಣವು ಬಹಳ ಹೊತ್ತು ತೆಗೆದುಕೊಳ್ಳುವುವು. ಅದಕ್ಕಿಂತಲೂ ನಯವಾದವು ರಾತ್ರಿಯೆಲ್ಲ ತೇಲಾಡಿ ಬೆಳಗಿನ ಹೊತ್ತಿಗೆ ಇಳಿಯುವುವು. ಕಣವು ಚಿಕ್ಕದಾದಷ್ಟೂ ಇಳಿಯುವ ಕಾಲ ಹೆಚ್ಚುತ್ತ ಹೋಗುವುದು. ಹೀಗೆಯೇ ಚಿಕ್ಕದು ಮಾಡುತ್ತ ಹೋದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇಳಿಯದೆ ನಿಲ್ಲುವ ಕಣವೊಂದು ಸಿಕ್ಕಬೇಕಲ್ಲವೆ? ಸಿಕ್ಕುವುದು. ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಸದಾ ಅದನ್ನು ತಳ್ಳಾಡುತ್ತಿರುವುದರಿಂದ ಭೂಮಿಯ ಆಕರ್ಷಣೆಯು ಅದನ್ನು ಎಳೆದು ತಳದಲ್ಲಿ ಕೂರಿಸಲಾರದು. ಇಂಥ ಕಣಗಳುಳ್ಳ ದ್ರವಕ್ಕೆ ರಸಾಯನಶಾಸ್ತ್ರಜ್ಞರು ಕಲಿಲವೆಂದು ಹೆಸರಿಟ್ಟಿದ್ದಾರೆ.

ಆ ಕಣಗಳು ಎಷ್ಟು ಸಣ್ಣವೆಂಬುದಕ್ಕೆ ಒಂದು ಅಳತೆಗೋಲು ಬೇಕು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರ್. ಹತ್ತು ನ್ಯಾನೋಮೀಟರ್ ಅಡ್ಡಳತೆಯ ಕಣಗಳನ್ನು ಒಂದು ರಾಗಿಕಾಳಿನ ಅಗಲಕ್ಕೆ ಸಾಲಾಗಿ ಜೋಡಿಸಿದರೆ ಲಕ್ಷಕ್ಕೂ ಮೀರಿ ಹಿಡಿಯುವುವು. ರಾಗಿಗಿಂತ ಹತ್ತಿರದ ಅಳತೆಗೋಲು ಹುಣಸೂರು, ಪಿರಿಯಾಪಟ್ಟಣದ ರೈತರ ಹೊಲದಲ್ಲಿಯೇ ಇದೆ. ಹೊಗೆಸೊಪ್ಪಿನ ಎಲೆಯಲ್ಲಿ ಹಸಿರೂ ಹಳದಿಯೂ ಮಚ್ಚೆಮಚ್ಚೆಯಾಗಿ ಕಾಣಿಸಿಕೊಂಡು, ಕೈಯಿಂದ ಕೈಗೆ, ಗಿಡದಿಂದ ಗಿಡಕ್ಕೆ ಹಬ್ಬುವ ಮೊಸಾಯಿಕ್ ರೋಗವನ್ನು ನೀವು ಬಲ್ಲಿರಿ. ಹಾಲೆಂಡಿನ ಬೈಯರಿಂಕ್ ಎಂಬ ಪಂಡಿತರು 1898ರಲ್ಲಿ ಇದರ ಮೂಲವನ್ನು ವೈರಸ್ ಎಂದು ಕರೆದರು. ಲೋಕದಲ್ಲಿ ಮೊತ್ತಮೊದಲು ಗುರುತಿಗೆ ಬಂದ ವೈರಸ್ ಇದೇ. ಅದು 300 ನ್ಯಾನೋಮೀಟರ್ ಉದ್ದ, 18 ನ್ಯಾನೋಮೀಟರ್ ದಪ್ಪದ ಒಂದು ಕಡ್ಡಿ. ನಾನು ಈಗ ಹೇಳಹೊರಟಿರುವ ಚಿನ್ನದ ಕಣವು ಆ ಕಡ್ಡಿಯ ದಪ್ಪಕ್ಕಿಂತಲೂ ಚಿಕ್ಕದು. ಅದರಲ್ಲಿರುವುದು ಸುಮಾರು ಮೂವತ್ತು ಸಾವಿರ ಪರಮಾಣುಗಳು ಮಾತ್ರ.

ಇಷ್ಟು ಸಣ್ಣದು ಮಾಡುವುದರಿಂದ ಬರುವ ಲಾಭವೇನೆಂದು ಕೇಳುವಿರಿ. ಹತ್ತೊಂಬತ್ತು ಗ್ರಾಂ ತೂಗುವ, ಒಂದು ಸೆಂಟಿಮೀಟರ್ ಉದ್ದಗಲ ಎತ್ತರವುಳ್ಳ ಚಿನ್ನದ ತುಂಡಿನ ಮೈ ಆರು ಚದರ ಸೆಂಟಿಮೀಟರ್. ಅದನ್ನೇ ಹತ್ತು ನ್ಯಾನೋಮೀಟರಿನ ತುಂಡುಗಳಾಗಿ ಕತ್ತರಿಸಬಲ್ಲಿರಾದರೆ, ಎಲ್ಲ ತುಂಡುಗಳ ಮೈಯನ್ನೂ ಕೂಡಿಸಿದಾಗ ಆರುನೂರು ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಆರು ಗುಂಟೆ ನೆಲವಾಗುವುದು. ರಾಸಾಯನಿಕ ಕ್ರಿಯೆಯು ನಡೆಯುವುದು ವಸ್ತುವಿನ ಮೈಮೇಲೆ. ಉಂಗುರದಲ್ಲಿ ಸುಮ್ಮನೆ ಕೂತಿರುವ ಚಿನ್ನವು ಕಲಿಲದಲ್ಲಿ ಚುರುಕಾಗುವುದು ಇದರಿಂದ.

ಬಣ್ಣವೂ ಬೇರೆಯಾಗುವುದು. ಇಗೋ, ಈ ಪುಟ್ಟ ಸೀಸೆಯಲ್ಲಿರುವುದು ಚಿನ್ನದ ಕಲಿಲ. ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಕೆಲಸಮಾಡುವ ನನ್ನ ಹಳೆಯ ಶಿಷ್ಯನು ಕೊಟ್ಟದ್ದು. ಹಳದಿ ಕಾಣುವುದಿಲ್ಲ, ಮಾಣಿಕ್ಯದಂತೆ ಕೆಂಪು ಕಾಣುವುದು. ಅಷ್ಟು ಸಣ್ಣ ಲೋಹದ ಕಣದಲ್ಲಿ ಎಲೆಕ್ಟ್ರಾನ್‌ಗಳೆಲ್ಲ ಬೆಳಕಿನ ಅಲೆಗೆ ಒಟ್ಟಾಗಿ ತೂಗಾಡಿ ಹಸುರು ಬೆಳಕನ್ನು ಹೀರಿಕೊಳ್ಳುವುವು, ಕೆಂಪು ಹಾದುಬರುವುದು. ಬೆಳ್ಳಿಯ ಕಣಗಳಾದರೆ ನೇರಿಳೆಯನ್ನು ಹೀರಿ ನೀರನ್ನು ಹಳದಿ ಮಾಡುವುವು. ಇದನ್ನು ಶಾಸ್ತ್ರೀಯವಾಗಿ ಮೊದಲು ವಿಚಾರಿಸಿದವರು ಲಂಡನಿನ ಮೈಕೇಲ್ ಫ್ಯಾರಡೆಯವರು, 1857ರಲ್ಲಿ. ಅವರು ತಯಾರಿಸಿದ ಚಿನ್ನದ ನೀರು ಲಂಡನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಬಣ್ಣಗೆಡದೆ ಇದೆಯೆಂದರೆ, ಇಳಿಯದ ಕಣವೆಂದು ನಾನು ಹೇಳಿದುದು ಅತಿಶಯೋಕ್ತಿಯಲ್ಲವೆಂದು ತಿಳಿಯಬಹುದು.

ಫ್ಯಾರಡೆಯವರು ಚಿನ್ನದ ಲವಣವನ್ನು ನೀರಿನಲ್ಲಿ ಕರಗಿಸಿ ರಂಜಕದಿಂದ ಅದನ್ನು ಲೋಹವಾಗಿ ಇಳಿಸಿದರು. 1951ರಲ್ಲಿ ಅಮೆರಿಕದ ಟರ್ಕೆವಿಚ್ ಎಂಬವರೂ ಅವರ ಸಂಗಡಿಗರೂ ನಿಂಬೆಯ ಹುಳಿಯ ಲವಣವಾದ ಸಿಟ್ರೇಟನ್ನು ಹಾಕಿ ಕುದಿಸುವ ಕ್ರಮವನ್ನು ವಿವರವಾಗಿ ಬರೆದರು. ಅದೇ ಈಗಲೂ ಪ್ರಸಿದ್ಧವಾಗಿದೆ. ಸುಲಭ, ಅಗ್ಗ, ಸೊಗಸು. ಆದರೆ ಹಾಕಿದ ಮದ್ದೆಲ್ಲ ಎಲ್ಲಿ ಹೋಗಬೇಕು? ಲವಣದ ಕ್ಲೋರೈಡು, ಸಿಟ್ರೇಟು, ಅದು ಸುಟ್ಟು ಉಳಿದದ್ದು, ಎಲ್ಲವೂ ಆ ನೀರಿನಲ್ಲಿಯೇ ಉಳಿಯುವುವು. ಕೆಲವಂತೂ ಚಿನ್ನದ ಮೈಗೇ ಅಂಟಿಕೊಂಡಿರುವುವು. ಬೇರೆ ಕ್ರಮಗಳಲ್ಲಿ ಹಾಕುವ ಮದ್ದುಗಳು ಇನ್ನೂ ಖಾರವಾದವು. ತೊಳೆದರೆ ಹೋಗುವುದಿಲ್ಲವೆ ಎಂದರೆ, ಪೂರ್ತಿಯಾಗಿ ಹೋಗುವುದಿಲ್ಲ. ತೀರ ತೊಳೆದರೆ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ ಕೂರುವುವು. ಆದುದರಿಂದ ಯಾವನಾದರೂ ಒಂದು ಸೀಸೆಯನ್ನು ತಂದು ಇದರಲ್ಲಿ ಚಿನ್ನವಿದೆ, ಬೆಳ್ಳಿಯಿದೆ ಎಂದಾಗ, ಬಲ್ಲವರು ಕೇಳತಕ್ಕ ಪ್ರಶ್ನೆಯೇ ಬೇರೆ: ಈ ನೀರಿನಲ್ಲಿ ಇನ್ನೇನಿದೆ? ಲೇಸರ್ ವಿದ್ಯೆಯ ಹೆಚ್ಚುಗಾರಿಕೆಯೆಲ್ಲ ಈ ಒಂದು ಪ್ರಶ್ನೆಗೆ ಅದು ಕೊಡುವ ಉತ್ತರದಲ್ಲಿದೆ. ಅಲ್ಲಿ ಇರುವುದು ಲೋಹ, ಮತ್ತು ನೀರು.

ಇನ್ನು ಲೇಸರ್ ಎಂದರೇನೆಂದು ಸಂಕ್ಷೇಪವಾಗಿ ಹೇಳುವೆನು. ಕೃಷ್ಣರಾಜನಗರದ ಬಳಿಯ ಹಳೆಯ ಎಡತೊರೆಯಲ್ಲಿ ಅರ್ಕೇಶ್ವರನ ಗುಡಿಯಿದೆ, ಅರ್ಕನೆಂದರೆ ಸೂರ್ಯ. ಬಾಲ್ಯದಲ್ಲಿ ನಾವು ಅಲ್ಲಿಯ ಹೊಳೆಯ ದಂಡೆಯಲ್ಲಿ ಕುಳಿತು ಬೂದುಗಾಜಿನಿಂದ ಬಿಸಿಲನ್ನು ಒಂದೆಡೆಗೆ ತಂದು ಕಾಗದವನ್ನು ಸುಡುತ್ತಿದ್ದೆವು. ಬಿಸಿಲಿನಿಂದ ಕಾಗದ ಸುಡಬಹುದು, ಚಿನ್ನವನ್ನು ನೀರಿನೊಳಗೆ ಆವಿಯಾಗಿ ಹಾರಿಸಲಾಗದು. ಬಿಸಿಲೆಂಬುದು ಜಾತ್ರೆಯ ಜನ. ನಾನಾ ಬಣ್ಣ, ನಾನಾ ದಿಕ್ಕು, ನಾನಾ ನಡೆ. ಲೇಸರ್ ಬೆಳಕು ಹೆಜ್ಜೆಹಾಕುವ ದಂಡಿನಂತೆ, ಒಂದೇ ಬಣ್ಣ, ಒಂದೇ ದಿಕ್ಕು, ಒಂದೇ ಹೆಜ್ಜೆ. ಅಂಥ ಬೆಳಕನ್ನು ಹುಟ್ಟಿಸುವ ತತ್ತ್ವವನ್ನು ಐನ್‌ಸ್ಟೈನರು 1917ರಲ್ಲಿ ಕಂಡರು. 1960ನೆಯ ಮೇ 16ರಂದು ಅಮೆರಿಕದ ಮೈಮನ್ ಎಂಬವರು ಒಂದು ಮಾಣಿಕ್ಯದ ಕಡ್ಡಿಯಿಂದ ಅದನ್ನು ಹೊಮ್ಮಿಸಿದರು. ಅದನ್ನು ಸಾಸಿವೆಗಿಂತಲೂ ಚಿಕ್ಕ ಬೊಟ್ಟಿಗೆ ಸಂಗ್ರಹಿಸಬಹುದು. ಅಷ್ಟೇ ಅಲ್ಲದೆ ಅತ್ಯಲ್ಪ ಕಾಲಕ್ಕೂ ಸಂಗ್ರಹಿಸಬಹುದು. ಈ ಎರಡನೆಯ ಸಂಗ್ರಹವೇ ನಮ್ಮ ವಿಷಯಕ್ಕೆ ಮುಖ್ಯ.

ಪಿರಿಯಾಪಟ್ಟಣದ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಬೆಟ್ಟದಪುರದ ಬೆಟ್ಟದ ಮೇಲಿರುವ ಸ್ವಾಮಿಗೆ ಸಿಡಿಲು ಮಲ್ಲಿಕಾರ್ಜುನನೆಂದೇ ಹೆಸರು. ಅಲ್ಲಿ ಸಿಡಿಲೆರಗುವುದೆಂಬ ಪ್ರತೀತಿ ಬಹುಕಾಲದಿಂದ ಇದೆ. ಸಿಡಿಲಿನ ಪ್ರತಾಪವು ಅದರ ಒಟ್ಟು ಶಕ್ತಿಯಲ್ಲಿ ಎಷ್ಟಿದೆಯೋ ಅದಕ್ಕಿಂತ ಹೆಚ್ಚಾಗಿ ಅದು ಎಷ್ಟು ಬೇಗ ಮುಗಿಯುವುದೆಂಬುದರಲ್ಲಿದೆ. ಮರಳಿನ ಮೇಲೆ ಬಿದ್ದ ಸಿಡಿಲು ಮರಳನ್ನು ಕರಗಿಸಿ ಗಾಜಿನ ಕೊಳವೆಗಳನ್ನು ಬಿಟ್ಟುಹೋಗುವುದನ್ನು ಕಂಡವರಿದ್ದಾರೆ. ಪ್ರಯೋಗಶಾಲೆಯ ಸಾಧಾರಣ ಲೇಸರಿನ ಒಂದು ಹೊಡೆತದಲ್ಲಿರುವ ಶಕ್ತಿ ಎರಡು ನಿಂಬೆಹಣ್ಣುಗಳನ್ನು ನಾಲ್ಕು ಅಂಗುಲ ಮೇಲಕ್ಕೆತ್ತುವಷ್ಟು. ಕೇಳಿದರೆ ನಗು ಬರುವುದು. ಆದರೆ ಆ ಶಕ್ತಿಯು ಸುರಿದು ಮುಗಿಯುವುದು ಹತ್ತು ನ್ಯಾನೋಸೆಕೆಂಡಿನಲ್ಲಿ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೋಸೆಕೆಂಡು. ಅಂಥ ಹತ್ತರಲ್ಲಿ ಬೆಳಕೂ ಕೂಡ ಹತ್ತು ಅಡಿಗಿಂತ ಹೆಚ್ಚು ಓಡಲಾರದು. ಭಾಗಾಕಾರ ಮಾಡಿ ನೋಡಿದರೆ, ಆ ಗಳಿಗೆಯ ಮಟ್ಟಿಗೆ ಒಂದು ಕೋಟಿ ವಾಟ್ ಸಾಮರ್ಥ್ಯವು ಸಾಸಿವೆಯಷ್ಟು ಜಾಗದ ಮೇಲೆ ಬಿದ್ದಂತಾಯಿತು.

ಈಗ ಒಂದು ಗಾಜಿನ ಪಾತ್ರೆಯ ತಳದಲ್ಲಿ ಚಿನ್ನದ ತಗಡನ್ನಿಟ್ಟು ಅದರ ಮೇಲೆ ಒಂದು ಬೆರಳು ಶುದ್ಧ ನೀರನ್ನು ಹಾಕಿ, ಮೇಲಿನಿಂದ ಈ ಕಿರಣವನ್ನು ಬಿಟ್ಟರೆಂದು ತಿಳಿಯಿರಿ. ನೀರು ಕಿರಣವನ್ನು ತಡೆಯುವುದಿಲ್ಲ, ತಗಡು ತಡೆಯುವುದು. ಬಿದ್ದೆಡೆಯ ಲೋಹಕ್ಕೆ ಮೆಲ್ಲಗೆ ಕರಗಿ ಮೆಲ್ಲಗೆ ಕುದಿಯುವ ವ್ಯವಧಾನವಿಲ್ಲ. ಅದು ಒಮ್ಮೆಗೇ ಸಿಡಿದು ಸಾವಿರಾರು ಡಿಗ್ರಿ ಕಾವಿನ ಪ್ಲಾಸ್ಮಾ ಎಂಬ ಉರಿಯುವ ಮೋಡವಾಗುವುದು. ಗಾಳಿಯಲ್ಲಿದ್ದಿದ್ದರೆ ಅದು ಹರಡಿ ಚದರಿಹೋಗುತ್ತಿತ್ತು. ನೀರು ಅದನ್ನು ಸುತ್ತಲಿನಿಂದ ಅದುಮಿ ಹಿಡಿಯುವುದು. ಆ ಕಾವಿಗೆ ನೀರೂ ಆವಿಯಾಗಿ ಒಂದು ಗುಳ್ಳೆ ಹುಟ್ಟಿ, ಒಂದೆರಡು ಮಿಲಿಮೀಟರಿನವರೆಗೆ ಉಬ್ಬಿ, ಮತ್ತೆ ಕುಸಿಯುವುದು. ಗುಳ್ಳೆಯ ಆಯುಷ್ಯ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಅದರೊಳಗೆ ಚಿನ್ನದ ಪರಮಾಣುಗಳು ಒಂದನ್ನೊಂದು ಕೂಡಿ ಕಣಗಳಾಗಿ, ಗುಳ್ಳೆ ಕುಸಿದೊಡನೆ ನೀರಿನಲ್ಲಿ ಚೆಲ್ಲಿಹೋಗುವುವು. ಹತ್ತಿರ ನಿಂತವರಿಗೆ ಪ್ರತಿಯೊಂದು ಹೊಡೆತಕ್ಕೂ “ಟಿಕ್” ಎಂದು ಸದ್ದು ಕೇಳಿಸುವುದು. ಸೆಕೆಂಡಿಗೆ ಹತ್ತರಂತೆ ಹೊಡೆಯುತ್ತ ಹೋದರೆ, ಮೊದಲು ತಗಡಿನ ಮೇಲಿನಿಂದ ಹೊಗೆಯಂತೆ ಒಂದು ಎಳೆ ಏಳುವುದು. ಕೆಲವು ನಿಮಿಷಗಳಲ್ಲಿ ನೀರು ನಸುಗೆಂಪಾಗುವುದು. ಹಾಗೆ ಹುಟ್ಟಿದ ಕಣಗಳ ಮೈಯಲ್ಲಿ ಋಣ ವಿದ್ಯುತ್ತು ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳಿಕೊಂಡು, ಯಾವ ಮದ್ದಿನ ಸಹಾಯವೂ ಇಲ್ಲದೆ ಬೇರೆಬೇರೆಯಾಗಿ ನಿಲ್ಲುವುವು.

ಎಲ್ಲ ಲೋಹಗಳೂ ಚಿನ್ನದಂತೆ ನಿರ್ವಿಕಾರವಾಗಿರುವುದಿಲ್ಲ. ಹುಣಸೂರು ಹಿಂದೆ ಅಮೃತಮಹಲ್ ದನಗಳಿಗೂ ಗಾಡಿಗಳಿಗೂ ಹೆಸರಾದ ಊರು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಬಿಗಿಯುವುದನ್ನು ಈ ಸಭೆಯ ಹಿರಿಯರು ನೋಡಿಯೇ ಇರುವರು. ಕಮ್ಮಾರನು ಪಟ್ಟಿಯನ್ನು ಕೆಂಪಗೆ ಕಾಯಿಸಿ ಮರದ ಚಕ್ರಕ್ಕೆ ತೊಡಿಸಿ ಕೂಡಲೇ ನೀರು ಹುಯ್ಯುವನು. ಚುಯ್ಯೆಂದು ಆವಿ ಏಳುವುದು. ಪಟ್ಟಿ ಕುಗ್ಗಿ ಮರವನ್ನು ಕಚ್ಚುವುದು. ಅದರ ಮೈಯಿಂದ ಕರಿಯ ಚಕ್ಕೆಗಳು ಉದುರುವುವು. ಆ ಚಕ್ಕೆ ಕಬ್ಬಿಣವಲ್ಲ. ಕಬ್ಬಿಣವು ಆಮ್ಲಜನಕದೊಡನೆ ಕೂಡಿ ಆದ ಆಕ್ಸೈಡು. ಕಾದ ಲೋಹಕ್ಕೂ ದ್ರವಕ್ಕೂ ನಡೆಯುವ ಈ ವ್ಯಾಪಾರವನ್ನು ನೂರಾರು ಕೋಟಿ ಪಟ್ಟು ತ್ವರೆಗೊಳಿಸಿದರೆ ಏನಾದೀತು? ಇದನ್ನು ಪುಣೆಯ ವಿಶ್ವವಿದ್ಯಾನಿಲಯದ ಪಾಟೀಲ, ಕಾನೇಟ್ಕರ್, ಓಗಲೆ, ಭಿಡೆ ಮೊದಲಾದ ವಿದ್ವಾಂಸರು ಮಾಡಿ ನೋಡಿ 1987ರಲ್ಲಿ ಪ್ರಕಟಿಸಿದರು. ಅವರು ಕಬ್ಬಿಣವನ್ನು ನೀರಿನೊಳಗಿಟ್ಟು ಮಾಣಿಕ್ಯದ ಲೇಸರಿನಿಂದ ಹೊಡೆದರು. ಮೆಲ್ಲಗೆ ಕಾಯಿಸಿ ಮೆಲ್ಲಗೆ ಆರಿಸಿದರೆ ನಿಲ್ಲದಂತಹ ರೂಪದ ಕಬ್ಬಿಣದ ಆಕ್ಸೈಡುಗಳು ದೊರೆತುವು. ಅಷ್ಟು ಬೇಗ ಕಾದು ಅಷ್ಟು ಬೇಗ ಆರಿದ ವಸ್ತುವಿಗೆ ತನ್ನ ಸಹಜಸ್ಥಿತಿಗೆ ಮರಳಲು ಪುರಸತ್ತೇ ಇಲ್ಲ. ಸಿಕ್ಕಿಬಿದ್ದ ಭಂಗಿಯಲ್ಲಿಯೇ ಹೆಪ್ಪುಗಟ್ಟುವುದು. 1992ರಲ್ಲಿ ಓಗಲೆಯವರೂ ಅವರ ಜೊತೆಗಾರರೂ ಬೆಂಜೀನ್ ಎಂಬ ದ್ರವದಲ್ಲಿ ಮುಳುಗಿಸಿದ ಗ್ರಾಫೈಟನ್ನು, ಎಂದರೆ ಸೀಸದಕಡ್ಡಿಯ ಕಪ್ಪನ್ನು, ಇದೇ ಬಗೆಯಲ್ಲಿ ಹೊಡೆದು ವಜ್ರದ ಕಣಗಳನ್ನು ಪಡೆದರು. ಮರುವರ್ಷ, 1993ರಲ್ಲಿ, ಬರ್ಲಿನ್ನಿನ ಫೋಯ್ಟಿಕ್ ಮತ್ತು ಹೆಂಗ್ಲೈನ್ ಎಂಬವರೂ, ಅಮೆರಿಕದ ನೆಡರ್ಸನ್, ಚುಮನೋವ್, ಕಾಟನ್ ಎಂಬವರೂ 'ಇದು ಕಲಿಲಗಳನ್ನು ಮಾಡುವ ಕ್ರಮವಾಗಬಲ್ಲುದು' ಎಂದು ತೋರಿಸಿದರು. ಪರದೇಶದವರೂ ಈ ವಿದ್ಯೆಯ ಚರಿತ್ರೆಯನ್ನು ಬರೆಯುವಾಗ ಪುಣೆಯ ಆ ಲೇಖನವನ್ನು ಮೊದಲಲ್ಲಿ ಹೆಸರಿಸುವುದುಂಟು. ನಮ್ಮ ಪಠ್ಯಪುಸ್ತಕಗಳಲ್ಲಿ ಅದನ್ನು ನಾನು ಕಂಡಿಲ್ಲ. ಇದನ್ನು ಹೇಳುವಾಗ ಉಪಾಧ್ಯಾಯನಾದ ನನಗೇ ನಾಚಿಕೆಯಾಗುತ್ತದೆ.

ಹೀಗೆ ದ್ರವವು ಇಲ್ಲಿ ಬರಿಯ ಪಾತ್ರೆಯಲ್ಲ, ಪಾಲುಗಾರ. ತಾಮ್ರವನ್ನು ನೀರಿನಲ್ಲಿ ಹೊಡೆದರೆ ಅದು ಆಕ್ಸೈಡಾಗುವುದು. ಅಸಿಟೋನಿನಲ್ಲಿ ಹೊಡೆದರೆ ಹೆಚ್ಚುಭಾಗ ಲೋಹವಾಗಿಯೇ ಉಳಿಯುವುದು. ಹುಟ್ಟಿದ ಕಣಗಳನ್ನೂ ಸುಮ್ಮನೆ ಬಿಡಬೇಕಾಗಿಲ್ಲ. ತಗಡನ್ನು ತೆಗೆದು ಬರಿಯ ಕಲಿಲದ ಮೇಲೆಯೇ ಕಿರಣವನ್ನು ಬಿಟ್ಟರೆ ದಪ್ಪ ಕಣಗಳು ಒಡೆದು ಸಣ್ಣವಾಗುವುವು. ಕಿರಣವನ್ನು ಸ್ವಲ್ಪ ಮೆದುಮಾಡಿದರೆ ಅಂಕುಡೊಂಕಾದವು ಕರಗಿ ಗುಂಡಾಗುವುವು. ಚಿನ್ನದ ಕಲಿಲವನ್ನೂ ಬೆಳ್ಳಿಯ ಕಲಿಲವನ್ನೂ ಬೆರಸಿ ಹೊಡೆದರೆ ಎರಡೂ ಒಂದೇ ಕಣದಲ್ಲಿ ಬೆರೆತು, ಕೆಂಪಿಗೂ ಹಳದಿಗೂ ನಡುವಣ ಬಣ್ಣ ಬರುವುದು. ಅಕ್ಕಸಾಲಿಗನ ಮೂಸೆಯ ಕೆಲಸವು ಮೂಸೆಯಿಲ್ಲದೆ ನಡೆದಂತೆ.

ಇದರಿಂದ ನಮಗೇನು? ಉತ್ತರಕ್ಕಾಗಿ ಬೆಂಗಳೂರಿಗೆ ಹೋಗಬೇಕು. 1928ನೆಯ ಮಾರ್ಚಿ 16ರಂದು ಅಲ್ಲಿಯ ಸೆಂಟ್ರಲ್ ಕಾಲೇಜಿನಲ್ಲಿ ಸಿ. ವಿ. ರಾಮನ್ನರು ತಾವು ಕಂಡ ಹೊಸ ಬೆಳಕಿನ ವಿಚಾರವನ್ನು ಸಭೆಗೆ ತಿಳಿಸಿದರು. ಒಂದು ವಸ್ತುವಿನ ಮೇಲೆ ಬಿದ್ದು ಚದರಿದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಪಾಲಿನ ಬಣ್ಣ ಬದಲಾಗಿರುವುದು. ಆ ಬದಲಾವಣೆಯು ವಸ್ತುವಿನ ಅಣುವಿಗೆ ತಕ್ಕಂತೆ ಇರುವುದು. ಎಂದರೆ ಪ್ರತಿಯೊಂದು ಅಣುವೂ ಬೆಳಕಿನಲ್ಲಿ ತನ್ನ ರುಜುವನ್ನು ಹಾಕುವುದು. ಆದರೆ ಕೋಟಿಗೊಂದು ಪಾಲಿನ ರುಜುವನ್ನು ಓದುವುದು ಕಷ್ಟ. ರಾಮನ್ನರು 1970ರಲ್ಲಿ ತೀರಿಕೊಂಡರು. ಅವರು ಕಾಣದೆ ಹೋದ ಒಂದು ಸಂಗತಿ 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಹೊರಬಿತ್ತು. ತರಿತರಿಯಾದ ಬೆಳ್ಳಿಯ ಮೈಮೇಲೆ ಅಣುಗಳು ಕುಳಿತಿದ್ದರೆ ಅವುಗಳ ರುಜು ಬಹಳ ಗಟ್ಟಿಯಾಗಿ ಮೂಡುವುದು. ಲಕ್ಷ, ಹತ್ತು ಲಕ್ಷ ಪಟ್ಟು ಹೆಚ್ಚುವುದೆಂದು 1977ರಲ್ಲಿ ಗೊತ್ತಾಯಿತು. ಬೆಳ್ಳಿ ಚಿನ್ನಗಳ ಕಲಿಲಗಳೂ ಈ ಕೆಲಸವನ್ನು ಮಾಡುವುವು. ಆದರೆ ಕಣದ ಮೈಯಲ್ಲಿ ಸಿಟ್ರೇಟು ಅಂಟಿದ್ದರೆ ಅದೂ ತನ್ನ ರುಜುವನ್ನು ಹಾಕಿ ಓಲೆಯನ್ನು ಕೆಡಿಸುವುದು. ನೆಡರ್ಸನ್ನರೂ ಸಂಗಡಿಗರೂ 1993ರಲ್ಲಿ ಲೇಸರಿನಿಂದ ಕಲಿಲವನ್ನು ಮಾಡಿದುದು ಈ ಕಾರಣಕ್ಕಾಗಿಯೇ: ಹಲಗೆ ಬರಿದಾಗಿದ್ದರೆ ಬರೆದದ್ದು ತಿಳಿಯುವುದು.

ನಮ್ಮ ನೆರೆಯ ಹೈದರಾಬಾದು ವಿಶ್ವವಿದ್ಯಾನಿಲಯದಲ್ಲಿ ವೇಣುಗೋಪಾಲ ರಾಯರೆಂಬವರೂ ಅವರ ಶಿಷ್ಯರೂ ಲೇಸರಿನಿಂದ ಮಾಡಿದ ಬೆಳ್ಳಿ, ತಾಮ್ರ, ಚಿನ್ನಗಳ ಕಣಗಳನ್ನು ಬಳಸಿ ಸಿಡಿಮದ್ದುಗಳ ಅತ್ಯಲ್ಪ ಲೇಶವನ್ನೂ, ಥೈರಮ್ ಎಂಬ ಬೂಷ್ಟುನಾಶಕದ ಲೇಶವನ್ನೂ ಪತ್ತೆಮಾಡಿದ್ದಾರೆ. ಹೊಗೆಸೊಪ್ಪನ್ನೋ ತರಕಾರಿಯನ್ನೋ ಬೆಳೆದು ಮಾರುವ ರೈತನಿಗೆ ಇದರ ಅರ್ಥ ಬೇಗ ಹೊಳೆಯುವುದು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜಿನಲ್ಲಿ ಎಲೆಯ ಬಣ್ಣವನ್ನು ಕಣ್ಣು ನೋಡುವುದು, ಮೃದುತ್ವವನ್ನು ಬೆರಳು ನೋಡುವುದು; ಎಲೆಯಲ್ಲಿ ಉಳಿದ ಔಷಧದ ಶೇಷವನ್ನು ಕಣ್ಣೂ ಕಾಣದು, ಬೆರಳೂ ಕಾಣದು. ಅದಕ್ಕೆ ದೊಡ್ಡ ಯಂತ್ರ, ದೂರದ ಊರು, ಹಲವು ದಿನ ಬೇಕು. ಒಂದು ತೊಟ್ಟು ಬೆಳ್ಳಿಯ ಕಲಿಲವನ್ನೂ ಕೈಯಲ್ಲಿ ಹಿಡಿಯತಕ್ಕ ರಾಮನ್ ಯಂತ್ರವನ್ನೂ ಇಟ್ಟುಕೊಂಡು ಕಟ್ಟೆಯ ಮೇಲೆಯೇ ಅದನ್ನು ನೋಡುವ ದಿನ ಬರಬಹುದೆಂಬುದು ಈ ಪಂಡಿತರ ಆಶೆ. ನಮ್ಮ ಹರಾಜುಕಟ್ಟೆಗಳಿಗೆ ಅದಿನ್ನೂ ಬಂದಿಲ್ಲ. ಬಂದಿದೆಯೆಂದು ಹೇಳಿ ಯಾರಾದರೂ ಹಣ ಕೇಳಿದರೆ ಕೊಡಬೇಡಿರಿ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಲೇಸರ್ ಯಂತ್ರಕ್ಕೆ ಬೆಲೆ ಬಹಳ; ಸಾಧಾರಣ ಪ್ರಯೋಗಶಾಲೆಯಲ್ಲಿ ಒಂದು ಗಂಟೆ ಹೊಡೆದರೆ ಸಿಕ್ಕುವುದು ಕೆಲವು ಮಿಲಿಗ್ರಾಂ. 2016ರಲ್ಲಿ ಜರ್ಮನಿಯ ಎಸ್ಸೆನ್ನಿನ ವಿದ್ವಾಂಸರು 500 ವಾಟಿನ ಲೇಸರನ್ನು ತಿರುಗುವ ಕನ್ನಡಿಯಿಂದ ಅತಿವೇಗವಾಗಿ ಓಡಿಸಿ ಗಂಟೆಗೆ ನಾಲ್ಕು ಗ್ರಾಂ ಪ್ಲಾಟಿನಂ ಕಣಗಳನ್ನು ಪಡೆದುದೇ ಒಂದು ದೊಡ್ಡ ಸುದ್ದಿಯಾಯಿತು. ನಾಲ್ಕು ಗ್ರಾಂ! ಕಣಗಳೂ ಒಂದೇ ಗಾತ್ರವಾಗಿರುವುದಿಲ್ಲ. ದೊಡ್ಡ ಹೊಡೆತದಲ್ಲಿ ಐದು ನ್ಯಾನೋಮೀಟರಿನದೂ ಐವತ್ತರದೂ ಕೂಡಿಯೇ ಹುಟ್ಟುವುವು. ಈ ಕಾರಣಗಳಿಂದ ಹೊಲಕ್ಕೆ ಚೆಲ್ಲುವ, ಬಟ್ಟೆಗೆ ಬಳಿಯುವ ಸರಕನ್ನೆಲ್ಲ ಈ ಕ್ರಮದಿಂದ ಮಾಡುವುದು ಸದ್ಯದಲ್ಲಿ ಆಗದ ಮಾತೆಂದು ನನ್ನ ಅಭಿಪ್ರಾಯ. ಸ್ವಲ್ಪವೇ ಸಾಕಾಗುವ, ಆದರೆ ಅದು ಕಲ್ಮಷವಿಲ್ಲದೆ ಇರಲೇಬೇಕಾದ ಕೆಲಸಗಳಿಗೆ ಇದು ತಕ್ಕದ್ದು.

ಈಗ ಸಂತೆಯ ಕಥೆ. ಹೆಗ್ಗಡದೇವನಕೋಟೆಯ ಕಡೆಯ ನಮ್ಮ ಬಂಧುಗಳೊಬ್ಬರು, ನನಗೆ ವರಸೆಯಲ್ಲಿ ಭಾವನವರು, ಸಕ್ಕರೆ ಕಾಯಿಲೆಯವರು. ಕೆಲವು ವರ್ಷಗಳ ಹಿಂದೆ ಒಬ್ಬನು ಸಂತೆಯಲ್ಲಿ ಅವರಿಗೆ “ನ್ಯಾನೋ ಬೆಳ್ಳಿಯ ನೀರು” ಎಂದು ಸೀಸೆಗಳನ್ನು ಮಾರಿದನು. ದಿನಕ್ಕೆರಡು ಚಮಚ ಕುಡಿದರೆ ಮಾತ್ರೆಯೇ ಬೇಡವೆಂದನಂತೆ. ಭಾವನವರು ನಾಲ್ಕು ತಿಂಗಳು ಮಾತ್ರೆ ಬಿಟ್ಟರು. ಕಾಲಿನ ಗಾಯ ಮಾಯಲಿಲ್ಲ. ಮೈಸೂರಿನಲ್ಲಿ ಒಂದು ಬೆರಳನ್ನು ತೆಗೆಯಿಸಬೇಕಾಯಿತು. ಮಾರಿದವನನ್ನು ದೂರುವುದಕ್ಕೆ ನಾನಿಲ್ಲಿ ನಿಂತಿಲ್ಲ. “ನೀನು ಇಸ್ಕೂಲಿನಲ್ಲಿ ಹೇಳಿಕೊಡುತ್ತಿದ್ದೆಯಲ್ಲ, ಇದೇನೆಂದು ನೀನಾದರೂ ಹೇಳಬಾರದಿತ್ತೇನಪ್ಪ?” ಎಂದು ಅಕ್ಕ ಕೇಳಿದ ಮಾತು ನನ್ನನ್ನು ಚುಚ್ಚಿತು. ಆ ಸೀಸೆಗಳು ಅವರ ಮನೆಯ ಗೂಡಿನಲ್ಲಿ ಇದ್ದುದನ್ನು ನಾನು ಹಬ್ಬಕ್ಕೆ ಹೋದಾಗ ನೋಡಿದ್ದೆನು. ನೋಡಿ ನಕ್ಕು ಸುಮ್ಮನಾಗಿದ್ದೆನು.

ಆಮೇಲೆ ಉಳಿದಿದ್ದ ಒಂದು ಸೀಸೆಯನ್ನು ತಂದು ಪರೀಕ್ಷಿಸಿದೆನು. ಬೆಳ್ಳಿಯ ಕಲಿಲಕ್ಕೆ ಹಳದಿ ಇರಬೇಕು. ಇದು ಬರಿಯ ನೀರಿನ ಬಣ್ಣ. ಉಪನ್ಯಾಸಕಾರರು ಗೋಡೆಯ ಮೇಲೆ ಗುರುತು ತೋರಿಸಲು ಬಳಸುವ ಚಿಕ್ಕ ಲೇಸರ್ ಕಡ್ಡಿಯಿಂದ ಕಿರಣವನ್ನು ಹಾಯಿಸಿದೆನು. ಕಲಿಲವಾಗಿದ್ದರೆ ಕಣಗಳಿಗೆ ತಾಗಿ ಚದರಿದ ಬೆಳಕಿನಿಂದ ಕಿರಣದ ಜಾಡು ಕಾಣಬೇಕು, ಕಾಣಲಿಲ್ಲ. ಇದರಿಂದ ಬೆಳ್ಳಿ ಇಲ್ಲವೇ ಇಲ್ಲವೆಂದು ನಾನು ಪ್ರಮಾಣ ಮಾಡಲಾರೆನು. ಕಣಗಳು ತೀರ ಸಣ್ಣವಾಗಿ ತೀರ ವಿರಳವಾಗಿದ್ದರೆ ಜಾಡು ಮಂಕಾಗುವುದುಂಟು. ಹಾಗೆಯೇ ಜಾಡು ಕಂಡಮಾತ್ರಕ್ಕೆ ಬೆಳ್ಳಿ ಇದೆಯೆಂದೂ ಅಲ್ಲ; ಹಾಲು ಬೆರೆತ ನೀರಿನಲ್ಲಿಯೂ ಜಾಡು ಕಾಣುವುದು. ಸೀಸೆಯ ಚೀಟಿಯಲ್ಲಿ ಬೆಳ್ಳಿ ಎಷ್ಟು, ಕಣದ ಗಾತ್ರವೆಷ್ಟು, ಮತ್ತೇನು ಸೇರಿದೆ, ಒಂದೂ ಇರಲಿಲ್ಲ. ನಿಜವಾಗಿ ಬೆಳ್ಳಿಯೇ ಇದ್ದಿದ್ದರೆ ಒಳ್ಳೆಯದಾಗುತ್ತಿತ್ತೆಂದು ತಿಳಿಯಬೇಡಿರಿ. ಸೂಕ್ಷ್ಮಜೀವಿಗಳಿಗೆ ಬೆಳ್ಳಿ ವಿಷವೆಂಬುದು ನಿಜ. ಸುಟ್ಟಗಾಯಗಳಿಗೆ ವೈದ್ಯರು ಬೆಳ್ಳಿಯ ಮುಲಾಮನ್ನು ಹಚ್ಚುವುದೂ ಉಂಟು. ಆದರೆ ಬಹುಕಾಲ ಕುಡಿದರೆ ಅದು ಮೈಯಲ್ಲಿ ಸೇರಿ ಚರ್ಮವನ್ನು ನೀಲಿಬೂದು ಬಣ್ಣಕ್ಕೆ ತಿರುಗಿಸುವುದು. ತಿರುಗಿದ ಬಣ್ಣ ಹೋಗದು. ಇಂಥ ನೀರು ಯಾವ ರೋಗವನ್ನಾದರೂ ನಿರಪಾಯವಾಗಿ ವಾಸಿಮಾಡುವುದೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕ ಸರ್ಕಾರದ ಔಷಧಶಾಖೆಯು 1999ರಲ್ಲಿಯೇ ತೀರ್ಮಾನಿಸಿತು. ಕುಡಿದು ಮಿಕ್ಕದ್ದನ್ನು ಬಚ್ಚಲಿಗೆ ಚೆಲ್ಲಿದರೆ ಅದು ಸೇರುವುದು ನಮ್ಮ ಕಪಿಲೆಗೆ, ಲಕ್ಷ್ಮಣತೀರ್ಥಕ್ಕೆ. ಅಲ್ಲಿ ಕೊಳೆಯನ್ನು ತಿಂದು ನೀರನ್ನು ತಿಳಿಮಾಡುವ ಜೀವಿಗಳೂ ಸೂಕ್ಷ್ಮಜೀವಿಗಳೇ.

ಗೂಡಿನಲ್ಲಿದ್ದ ಸೀಸೆಯನ್ನು ನೋಡಿ ನಾನು ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಮಾಡಿ ತೋರಿಸಲು ಶ್ರೀಗಳವರ ಅಪ್ಪಣೆಯಾಗಿದೆ. ಕಾರ್ಯಕರ್ತರು ದಯವಿಟ್ಟು ಕಿಟಕಿಗಳನ್ನು ಮುಚ್ಚಿಸಬೇಕು. ಮೇಜಿನ ಮೇಲೆ ಮೂರು ಗಾಜಿನ ಲೋಟಗಳಿವೆ. ಮೊದಲನೆಯದರಲ್ಲಿ ಕುದಿಸಿ ಸೋಸಿದ ನೀರು. ಎರಡನೆಯದರಲ್ಲಿ ಅದೇ ನೀರಿಗೆ ಎರಡು ತೊಟ್ಟು ಹಾಲು. ಮೂರನೆಯದರಲ್ಲಿ ನನ್ನ ಶಿಷ್ಯನ ಚಿನ್ನ. ಕಿರಣವನ್ನು ಅಡ್ಡಲಾಗಿ ಹಾಯಿಸುವೆನು. ಯಾರೂ ಅದರ ದಾರಿಗೆ ಕಣ್ಣಿಡಬಾರದು, ಮಕ್ಕಳು ಕಡ್ಡಿಯನ್ನು ಒಬ್ಬರ ಮುಖಕ್ಕೊಬ್ಬರು ಹಿಡಿಯಲೇಬಾರದು. ಕಣ್ಣಿನ ಪೊರೆ ಸುಟ್ಟರೆ ಮರಳಿ ಬರುವುದಿಲ್ಲ. ಜಾಡು ಯಾವ ಯಾವ ಲೋಟದಲ್ಲಿ ಕಂಡಿತೆಂದು ನೀವೇ ಹೇಳಬೇಕು. ಆಮೇಲೆ ಮೂರನೆಯ ಲೋಟಕ್ಕೆ ಒಂದು ಚಿಟಿಕೆ ಅಡಿಗೆಯ ಉಪ್ಪನ್ನು ಹಾಕುವೆನು. ಕಣಗಳ ಮೈಯ ವಿದ್ಯುತ್ತನ್ನು ಉಪ್ಪು ಮರೆಮಾಡುವುದು. ಆಗ ಅವು ಒಂದನ್ನೊಂದು ತಳ್ಳಲಾರದೆ ಗುಂಪುಗೂಡುವುವು, ಕೆಂಪು ನೀಲಿಗೆ ತಿರುಗುವುದು. ಮುಂದಿನ ಸಾಲಿನ ಮಕ್ಕಳು ಹತ್ತಿರ ಬರಲಿ. ಹಿರಿಯರು ಸ್ವಲ್ಪ ದಾರಿ ಬಿಡಬೇಕೆಂದು ಬೇಡುತ್ತೇನೆ.